ಗುಮ್ಮಕ್ಕ

ಸೂರ್ಯ ನೆತ್ತಿಗೆ ಬಂದರೂ ಇವತ್ತು ಕಿಟಕಿಯಿಂದ ಕರೆ ಬರಲಿಲ್ಲ. ಬರುವುದಿಲ್ಲವೆಂದು ಅಮೃತಾಗೆ ನಿನ್ನೆಯೇ ಗೊತ್ತಿತ್ತು. ಆದರೂ ಹಿತ್ತಲಿಗೆ ಬಂದು, ಎಂದೋ ಒಣಗಿದ ಬಟ್ಟೆಗಳನ್ನು ಹಗ್ಗದ ಮೇಲೆ ಮಗುಚಿ ಹಾಕುತ್ತ ನಿಂತಿದ್ದಳು. ಬೇಡವೆಂದುಕೊಂಡ ಕೆಲಸಕ್ಕೂ ಮೈ ಒಗ್ಗಿಬಿಡುತ್ತದೆ. ದಿನಾ ಈ ಹೊತ್ತಿಗೆ ಪಕ್ಕದ ಮನೆಯ ಅಡುಗೆಮನೆಯಲ್ಲಿ ಬಟ್ಟಲಿನ ಸದ್ದಾಗಬೇಕು. ಮಗು ‘ಒಲ್ಲೆ’ ಎಂದು ಕಾಲು ಬಡಿಯಬೇಕು. ಅದರ ತಾಯಿ ನೀಲಗಂಗಮ್ಮ ಈ ಹಿತ್ತಲಿಗೆ ತೆರೆದುಕೊಂಡ ಕಿಟಕಿಯ ಹತ್ತಿರ ಬಂದು, “ಅಮೃತಾ, ಒಂದೀಟು ಮಕ ತೋರ್ಸಿ ಹೋಗವ್ವ,” ಎಂದು ಕರೆಯಬೇಕು. ಅಮೃತಾ ಹೋಗಿ ಸರಳುಗಳ ಈಚೆ ನಿಲ್ಲಬೇಕು. “ನೋಡಲ್ಲಿ, ಗುಮ್ಮ ಬಂತು! ಉಣ್ಣದಿದ್ರ ಹಿಡಕೊಂಡು ಹೋಗ್ತತಿ,” ಎಂದು ತಾಯಿ ಹೇಳಬೇಕು, ಮಗುವಿನ ಬಾಯಿ ತೆರೆಯಬೇಕು, ತೆರೆದ ಬಾಯಿಗೆ ತುತ್ತು ಬೀಳಬೇಕು. ಬಟ್ಟಲು ಬರಿದಾಗುವವರೆಗೆ ಅಮೃತಾ ಗುಮ್ಮ. ಆಮೇಲೆ ಅವಳು ಮತ್ತೆ ಅನ್ನದಾನಮ್ಮನ ಅಣ್ಣನ ಮಗಳು, ಹತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟು ಕೊಟ್ಟೂರಿನ ಅತ್ತೆಯ ಮನೆ ಸೇರಿದ ಹುಡುಗಿ.

ನಿನ್ನೆ ಸಂಜೆ ನೀಲಗಂಗಮ್ಮ ಕುಂಕುಮದ ಬಟ್ಟಲು ಹಿಡಿದು ಮಗನ ಜವಳಕ್ಕೆ ಕರೆಯಲು ಬಂದಿದ್ದಳು. ಹುಟ್ಟುಗೂದಲು ತೆಗೆಸುವ ಶಾಸ್ತ್ರ. ಮಗುವಿಗೆ ಮೂರು ನಡೆಯುತ್ತಿದೆ, ಈ ವರ್ಷ ಬಿಟ್ಟರೆ ಮತ್ತೆ ಐದಕ್ಕೇ. “ಹಡಗಲಿಯಿಂದ ನಮ್ಮಣ್ಣ ಬರ್ತಾನ, ಅತ್ತಿ ಮನಿಯೋರೆಲ್ಲ ಬರ್ತಾರ. ನೀವು ಮುಂಜಾನಿಂದನ ಬರಬೇಕ್ರಿ ಅನ್ನದಾನಕ್ಕಾರ,” ಎಂದವಳು, ಅಮೃತಾ ಬಾಗಿಲ ಮರೆಯಲ್ಲಿದ್ದಾಳೆಂದು ತಿಳಿಯದೆಯೋ ತಿಳಿದೋ ದನಿ ತಗ್ಗಿಸಿದಳು. “ಅಮೃತಾ ಮನ್ಯಾಗ ಇರ್ಲ್ರಿ. ನಂಗೇನಿಲ್ರಿ ಮತ್ತ, ಬಂದೋರ ಮಕ್ಳು ಅಂಜ್ತಾವ. ಅಕಿಗೆ ಉಣ್ಣಾಕ ನಾನ ತಂದುಕೊಡ್ತೀನಿ.” ಅತ್ತೆ ‘ಹೂಂನವ್ವ’ ಎಂದಳು. ನೀಲಗಂಗಮ್ಮ ಕೆಟ್ಟವಳಲ್ಲ, ಅತ್ತೆಯೂ ಕೆಟ್ಟವಳಲ್ಲ. ಅಮೃತಾಗೆ ದೊಡ್ಡ ತೊಂದರೆಯಾಗಿದ್ದದ್ದು ಅದೇ. ಕೆಟ್ಟವರಾಗಿದ್ದರೆ ಮನಸಾರೆ ಬೈದುಕೊಂಡು ಹಗುರವಾಗಬಹುದಿತ್ತು. ದಿನಾ ಮುಖ ತೋರಿಸು ಎನ್ನುವವಳೇ ಒಂದು ದಿನ ತೋರಿಸಬೇಡ ಎಂದಳಲ್ಲ! ಆ ಎರಡು ಮಾತುಗಳನ್ನು ಅವಳು ನಿನ್ನೆಯಿಂದ ಅಕ್ಕಪಕ್ಕ ಇಟ್ಟು ನೋಡುತ್ತಿದ್ದಾಳೆ, ಒಂದಕ್ಕೊಂದು ಹೊಂದುತ್ತಿಲ್ಲ.

ಬೇವಿನ ಹೂ ಸದ್ದಿಲ್ಲದೆ ಉದುರುತ್ತಿತ್ತು. ಗೋಡೆಯಾಚೆ ಜನ ಸೇರುತ್ತಿದ್ದರು. ಪಾತ್ರೆ ಎಳೆದಾಡುವ ಸದ್ದು, ಹೆಂಗಸರ ನಗು, ಗೋಧಿ ಹುಗ್ಗಿ ಕುದಿಯುವ ವಾಸನೆ, ಅದರ ಹಿಂದೆ ಓಣಿಯ ಕೊನೆಯ ಮಂಡಕ್ಕಿ ಭಟ್ಟಿಯಿಂದ ಬರುವ ಬಿಸಿ ಉಸುಕಿನ ವಾಸನೆ. ವಾಸನೆಗಳು ಬಂದರೆ ಅಮೃತಾಗೆ ನಿಂತ ನೆಲ ಸರಿಯುತ್ತದೆ. ಮಂಡಕ್ಕಿಯ ಉಸುಕು ಮಳೆ ಬಿದ್ದ ಹುತ್ತದ ಮಣ್ಣಾಗುತ್ತದೆ, ಹುಗ್ಗಿಯ ಬೆಲ್ಲ ಹಣ್ಣಾಗಿ ಬಿರಿದ ಸೀತಾಫಲವಾಗುತ್ತದೆ, ಅವಳು ಗುಡ್ಡದ ಓರೆಯಲ್ಲಿ ನಿಂತಿರುತ್ತಾಳೆ. ಹೊಸಹಳ್ಳಿಯಾಚೆ ಅವರ ಊರು, ಊರಿನ ಬೆನ್ನಿಗೇ ಗುಡ್ಡ. ಅವತ್ತು ಸೀತಾಫಲ ಕೀಳಲು ಹೋದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. “ನೀ ಮುಂದ ನಡಿ, ನಾ ಬಂದೆ,” ಎಂದು ಅವ್ವ ಕಾಲಿನ ಮುಳ್ಳು ತೆಗೆದುಕೊಳ್ಳುತ್ತ ಕೆಳಗೆ ಕೂತಳು. ಅಮೃತಾ ಮುಂದೆ ನಡೆದಳು. ಬಂಡೆಯ ಮಗ್ಗುಲಲ್ಲಿ ಕಪ್ಪಗೆ ಏನೋ ಕೂತಿತ್ತು. ಅದರ ಬೆನ್ನ ಮೇಲೆ ಇನ್ನೆರಡು ಸಣ್ಣ ಕಪ್ಪುಗಳು. ಯಾರೋ ಕಂಬಳಿ ಹೊದ್ದು ಮಕ್ಕಳನ್ನು ಆಡಿಸುತ್ತಿದ್ದಾರೆ ಅಂದುಕೊಂಡಳು. ಅಂದುಕೊಂಡು ನಕ್ಕಳು ಕೂಡ. ಅದು ಎದ್ದು ನಿಂತಿತು. ಆಮೇಲಿನದು ಅವಳಿಗೆ ನೋವಾಗಿ ನೆನಪಿಲ್ಲ, ಬಿಸಿಯಾಗಿ ನೆನಪಿದೆ. ಜೇನು ಮತ್ತು ಹಸಿ ಗೋಣಿಚೀಲದ ವಾಸನೆಯ ಉಸಿರು, ಅಷ್ಟು ಹತ್ತಿರ ಅದರ ಸಣ್ಣ ಕಣ್ಣು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ತಾನು ಮರಿಗಳ ತೀರ ಹತ್ತಿರ ಹೋಗಿ ನಿಂತಿದ್ದೆನೋ ಏನೋ ಎಂದು ಅವಳು ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾಗಲೆಲ್ಲ ಯೋಚಿಸುತ್ತಿದ್ದಳು. ಆಮೇಲೆ ಯಾರೂ ಅವಳ ಮುಖದ ಅಷ್ಟು ಹತ್ತಿರ ಬಂದಿಲ್ಲ.

ಮುಖ ಹೇಗಾಗಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಎಡಗಣ್ಣಿನ ರೆಪ್ಪೆ ಕೆಳಕ್ಕೆ ಜಗ್ಗಿದೆ, ಮೂಗಿನ ಎಡ ಹೊಳ್ಳೆ ಇಲ್ಲ, ತುಟಿಯ ಎಡತುದಿ ಕೆನ್ನೆಯೊಳಕ್ಕೆ ಹೊಲಿದುಕೊಂಡು ಅಲ್ಲೇ ನಿಂತಿದೆ. ಬಲಗಡೆಯಿಂದ ನೋಡಿದರೆ ಏನೂ ಆಗಿಲ್ಲ. ಅದಕ್ಕೇ ಅತ್ತೆ ಯಾವಾಗಲೂ ಅವಳ ಬಲಗಡೆ ಕೂರುತ್ತಾಳೆ. ಬಾಯಿ ಪೂರಾ ಮುಚ್ಚುವುದಿಲ್ಲವಾದ್ದರಿಂದ ಸಾರು ಆ ತುದಿಯಿಂದ ಇಳಿಯುತ್ತದೆ. ಬಾಯಿ ದೊಡ್ಡದಾಗಿ ತೆರೆದರಂತೂ ಹೊಲಿಗೆಗಳೆಲ್ಲ ಒಮ್ಮೆಲೇ ಎಳೆದು ಇಡೀ ಮುಖ ಒಂದು ಪಕ್ಕಕ್ಕೆ ವಾಲುತ್ತದೆ. ಹೀಗಾಗಿ ಅವಳು ಗೋಡೆಗೆ ಮುಖ ಮಾಡಿ ಉಣ್ಣುತ್ತಾಳೆ, ವೇಲ್ ಅಡ್ಡ ಹಿಡಿದು ನಗುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವ್ವ ಉಚ್ಚಂಗೆಮ್ಮ ಮಾತ್ರ ಆಸ್ಪತ್ರೆಯಿಂದ ಬಂದ ಮೇಲೆ ಮಗಳನ್ನು ಹಿಂದಿನಿಂದಲೇ ಮುದ್ದು ಮಾಡಿದಳು. ಹಿಂದೆ ಕೂತು ಎಣ್ಣೆ ಹಚ್ಚಿದಳು, ಹಿಂದೆ ಕೂತು ಜಡೆ ಹೆಣೆದಳು, ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆದಳು. “ನಾ ಮುಂದ ನಡಿ ಅಂದೆ, ನಾನ ಅಂದೆ,” ಎಂದು ಜಡೆಗೆ ಹೇಳಿಕೊಳ್ಳುತ್ತಿದ್ದಳು. ಆ ಮಾತನ್ನು ಕೇಳಲಾರದೆಯೇ ಅಮೃತಾ ಕೊಟ್ಟೂರಿಗೆ ಬರಲು ಒಪ್ಪಿದ್ದು. ಜೂನ್‌ನಲ್ಲಿ ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಸೇರಿಸುತ್ತೇನೆಂದು ಮಾವ ಪಂಚಾಕ್ಷರಪ್ಪ ಹೇಳಿದ್ದಾನೆ. ಅವಳು ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಈ ಮನೆಯಲ್ಲಿ ಕರಡಿ ಎಂಬ ಮಾತನ್ನು ಯಾರೂ ಆಡುವುದಿಲ್ಲ, ‘ಅದು’ ಅನ್ನುತ್ತಾರೆ. ಗಾದೆಯಿಲ್ಲದೆ ಮಾತಾಡಲು ಬಾರದ ಮಾವ ಒಮ್ಮೆ ಉಣ್ಣುವಾಗ, ಕರೆಯದೆ ಬಂದ ಯಾರದೋ ಸುದ್ದಿ ಹೇಳುತ್ತ, “ಶಿವಪೂಜಿಯಾಗ…” ಎಂದು ಶುರು ಮಾಡಿ, ಮುಂದಿನ ಮಾತು ಗಂಟಲಿಗೆ ಬಂದಾಗ ಗಕ್ಕನೆ ನಿಂತು, ಎರಡು ಲೋಟ ನೀರು ಕುಡಿದ. ಗೋಡೆಯ ಕಡೆ ತಿರುಗಿ ಕೂತಿದ್ದ ಅಮೃತಾ ಆ ಗಾದೆಯ ಉಳಿದರ್ಧವನ್ನು ಮನಸ್ಸಿನಲ್ಲೇ ಹೇಳಿ ಮುಗಿಸಿದಳು.

ಹಾಗೆ ನೋಡಿದರೆ ಈ ಊರಿನಲ್ಲಿ ಅವಳನ್ನು ಕೂಗಿ ಕರೆದವಳು ನೀಲಗಂಗಮ್ಮ ಒಬ್ಬಳೇ. ಮೊದಲ ದಿನ ಅದು ಬೇಕೆಂದು ಆದದ್ದಲ್ಲ. ವೇಲ್ ಒಣಹಾಕಿ ಅಮೃತಾ ಬರಿಮುಖದಲ್ಲಿ ತಿರುಗಿದಾಗ ಕಿಟಕಿಕಟ್ಟೆಯ ಮೇಲೆ ಕೂತಿದ್ದ ಮಗು ನೋಡಿಬಿಟ್ಟಿತು. ಅದರ ಹೆಸರು ಗುರುಬಸವರಾಜ, ಹೆಸರು ಅದಕ್ಕಿಂತ ಉದ್ದವಾಗಿದ್ದರಿಂದ ಎಲ್ಲರೂ ಗುರು ಅನ್ನುತ್ತಾರೆ. ಗುರು ಅಳಲಿಲ್ಲ, ಅಳು ಮರೆತು ಬಾಯಿ ತೆರೆದ. ಸಿಕ್ಕಿದ್ದೇ ಸಾಕೆಂದು ತಾಯಿ ತುತ್ತು ತುರುಕಿದಳು. “ಅಯ್ಯ ಶಿವನ, ಎಷ್ಟು ದಿನಾತವ್ವ ಇವ ಹಿಂಗ ಬಾಯಿ ತಗದು! ಅಲ್ಲೇ ನಿಂದ್ರು ತಂಗಿ, ಹೋಗಬ್ಯಾಡ,” ಎಂದಳು. ಹೋಗಬೇಡ ಎಂದಳು! ತಿಂಗಳುಗಟ್ಟಲೆ ಎಲ್ಲರೂ ಕಣ್ಣು ಸರಿಸಿದ ಮೇಲೆ ಯಾರೋ ನಿಲ್ಲು ಎಂದರು. ಅಮೃತಾ ನಿಂತಳು. ನಾಳೆಯೂ ಬಾ ಎಂದದ್ದಕ್ಕೆ ಮರುದಿನವೂ ಹೋದಳು. ಕೆಲವು ದಿನ ಕಳೆದ ಮೇಲೆ, ಗುರು ಬಾಯಿ ಬಿಗಿ ಹಿಡಿದು ಹಟ ಮಾಡಿದ ಒಂದು ಮಧ್ಯಾಹ್ನ, ಅವಳೇ ಗಂಟಲಿನೊಳಗಿಂದ ಗುರ್ರೆಂದು ಸದ್ದು ತೆಗೆದಳು. ಯಾರೂ ಹೇಳಿರಲಿಲ್ಲ. ಮಗು ಬೆಚ್ಚಿ ಕಿಟಾರನೆ ಚೀರಿತು, ನೀಲಗಂಗಮ್ಮ ಬಿದ್ದು ಬಿದ್ದು ನಕ್ಕಳು, ಅಮೃತಾ ಕೂಡ ನಕ್ಕಳು. ಆ ಸದ್ದು ಅವಳಿಗೆ ಬಂದದ್ದು ಎಲ್ಲಿಂದಲೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತು ಆ ದಿನವೆಲ್ಲ ತನ್ನ ಮೇಲೆ ತಾನೇ ಅಸಹ್ಯಪಟ್ಟಳು. ಅದಾದರೂ ತನ್ನ ಮರಿಗಳಿಗಾಗಿ ಗುರ್ರೆಂದಿತ್ತು. ತಾನು ಯಾರಿಗಾಗಿ?

ಅಲ್ಲಿಂದ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು. ನಿಂತು ಮಗುವಿನ ಕಣ್ಣನ್ನೇ ನೋಡುತ್ತಿದ್ದಳು. ಅದು ಮೊದಲು ಅವಳ ಬಲಗಣ್ಣನ್ನು ನೋಡುತ್ತಿತ್ತು, ಆಮೇಲೆ ಎಡಗಣ್ಣನ್ನು, ಆಮೇಲೆ ಅವಸರವಿಲ್ಲದೆ ಕೆನ್ನೆಯ ಗೆರೆಯಗುಂಟ ಇಳಿದು ತುಟಿಯ ತುದಿಗೆ ಬರುತ್ತಿತ್ತು, ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಅದು ಅಂಜಿಕೆಯೋ ಬೇರೆ ಏನೋ ತಿಳಿಯುತ್ತಿರಲಿಲ್ಲ. ನೀಲಗಂಗಮ್ಮನಿಗೆ ಇದಾವುದೂ ಬೇಕಿರಲಿಲ್ಲ, ಅವಳ ಗಮನವೆಲ್ಲ ತುತ್ತಿನ ಮೇಲೆ. ತುತ್ತು ಇಡುವಾಗ ಪ್ರತಿಸಲವೂ ಅವಳ ಬಾಯಿಯೂ ಮಗುವಿನ ಬಾಯಿಯ ಜೊತೆಗೇ ತೆರೆದುಕೊಳ್ಳುತ್ತಿತ್ತು, ಮಗು ಮುಚ್ಚಿದಾಗ ಮುಚ್ಚುತ್ತಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಉಣಿಸುವ ಹೆಂಗಸರೆಲ್ಲ ಹಾಗೆಯೇ, ತಮ್ಮ ಮುಖ ಹೇಗೆ ಕಾಣುತ್ತದೆಂದು ಆ ಹೊತ್ತಿಗೆ ಮರೆತಿರುತ್ತಾರೆ. ಅದನ್ನು ನೋಡಿ ಅಮೃತಾ ವೇಲ್ ಅಡ್ಡ ಹಿಡಿದು ನಗುತ್ತಿದ್ದಳು, ನಕ್ಕು ಹೊಟ್ಟೆಕಿಚ್ಚು ಪಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಈ ಊರಿನಲ್ಲಿ ಅಂಜದೆ ತನ್ನನ್ನು ನೋಡುವ ಒಂದು ಜೊತೆ ಕಣ್ಣು ಸಿಕ್ಕರೆ ಜೂನ್‌ನಲ್ಲಿ ಶಾಲೆಯ ಮೆಟ್ಟಿಲು ಹತ್ತಬಹುದೆಂದು ತನ್ನೊಳಗೇ ಪಣ ಕಟ್ಟಿಕೊಂಡಿದ್ದಳು. ಅದಕ್ಕೆ ಆ ಮಗುವನ್ನೇ ಆರಿಸಿಕೊಂಡಿದ್ದಳು, ದಿನಾ ಆ ಮಗುವನ್ನೇ ಅಂಜಿಸುತ್ತಿದ್ದಳು.

ಗೋಡೆಯಾಚೆ ಗುರು ಚೀರಿದ. ಅಮೃತಾಳ ಕೈಯೊಳಗಿನ ಬಟ್ಟೆ ಹಾಗೇ ನಿಂತಿತು. ಕತ್ತರಿ ಕಂಡು ಅಳುತ್ತಿರಬೇಕು, ಎಲ್ಲ ಮಕ್ಕಳೂ ಅಳುತ್ತವೆ. “ಗಟ್ಟಿ ಹಿಡಕೊಳ್ರಿ ಮಾವನೋರ, ಇಲ್ಲಂದ್ರ ನಂಗ ಆಗಂಗಿಲ್ಲ,” ಎಂದದ್ದು ಕ್ಷೌರದ ಹುಲುಗಣ್ಣನ ದನಿ. ಸೋದರಮಾವನ ತೊಡೆಯ ಮೇಲೆ ಕೂರಿಸಿದ್ದಾರೆ. ಗಲಾಟೆ ಏರಿತು, ತಟ್ಟೆ ಬಿದ್ದ ಸದ್ದಾಯಿತು, ಯಾರೋ ಹೆಂಗಸು “ಅಯ್ಯೋ ರಕ್ತ,” ಎಂದಳು. ಆಮೇಲೆ ನೀಲಗಂಗಮ್ಮನ ದನಿ, ಅಳುವಿನ ಹತ್ತಿರ ಬಂದದ್ದು: “ಗುಮ್ಮನ್ನ ಕರೀತೀನಿ ನೋಡು! ಸುಮ್ಕ ಕುಂದ್ರು, ಗುಮ್ಮನ್ನ ಕರೀತೀನಿ!” ಹಡಗಲಿಯ ಅಣ್ಣನಿರಬೇಕು, ಸಿಡುಕಿನಲ್ಲಿ, “ಯಾವ ಗುಮ್ಮಲೇ ಅದು? ಕರದರ ಕರಿ, ಇಲ್ಲ ಸುಮ್ನಿರು,” ಎಂದ. ಕುಂಬಳಕಾಯಿ ಕಳ್ಳನಂತೆ ಅಮೃತಾ ತಾನಾಗಿ ಮುಖ ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಕಿಟಕಿಯಲ್ಲಿ ನೀಲಗಂಗಮ್ಮ ನಿಂತಿದ್ದಳು. ರೇಷ್ಮೆ ಸೀರೆ, ಮಲ್ಲಿಗೆ ಹೂ, ಕಣ್ಣ ತುಂಬ ನೀರು.

“ಅಮೃತಾ, ಬಾರವ್ವ ಲಗೂನ. ತಲಿ ಅರ್ಧ ಆಗೈತಿ, ಅವ ಕುಂದ್ರವಲ್ಲ. ಕತ್ತಿ ತಾಗೈತಿ. ನಿನ್ನ ನೋಡಿದ್ರ ಸುಮ್ನಾಕ್ಕಾನ.”

“ನೀವ ಬರಬ್ಯಾಡ ಅಂದಿದ್ರಿ.”

ನೀಲಗಂಗಮ್ಮ ಕಿಟಕಿಯ ಸರಳನ್ನು ನೋಡಿದಳು. “ಅಂದಿದ್ದೆ. ತಪ್ಪಾತು ಅನ್ಕೊ. ಈಗ ಬಾ. ಹಿತ್ತಲಾಗಿಂದ ಬಂದು ಅಡಿಗಿಮನಿ ಬಾಗ್ಲಾಗ ನಿಂತ್ರ ಸಾಕು, ಅವಗ ಅಲ್ಲಿಂದನ ಕಾಣಸ್ತೈತಿ. ಬ್ಯಾರೇರಿಗೆ ಕಾಣಂಗಿಲ್ಲ.”

“ಬಂದ್ರ ಮುಂದ್ಲ ಬಾಗ್ಲಾಗ ಬರ್ತೀನಿ ಅಕ್ಕ.”

ಆ ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ನೀಲಗಂಗಮ್ಮ, “ಎದರಾಗಾರ ಬಾ, ಮೊದ್ಲು ಬಾ,” ಎಂದು ಓಡಿದಳು. ಅಮೃತಾ ಹಿತ್ತಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಬೀದಿಬಾಗಿಲಿಗೆ ನಡೆದಳು. ಹೊಸ್ತಿಲು ದಾಟಿದ ಮೇಲೆಯೇ ವೇಲ್ ಹಗ್ಗದ ಮೇಲೆ ಉಳಿಯಿತೆಂದು ತಿಳಿದದ್ದು. ಹಿಂದಿರುಗಿ ಹೋಗಬಹುದಿತ್ತು. ಬಿಸಿಲು ಮುಖಕ್ಕೆ ನೇರವಾಗಿ ಬಿತ್ತು, ಎಷ್ಟು ತಿಂಗಳಾಗಿತ್ತು ಹೀಗೆ ಬಿದ್ದು! ಹೊಲಿಗೆಯ ಜಾಗ ಚುರುಗುಟ್ಟಿತು. ಚಪ್ಪರದ ಕೆಳಗೆ ಬೀಡಿ ಸೇದುತ್ತ ನಿಂತಿದ್ದ ಇಬ್ಬರು ಮಾತು ನಿಲ್ಲಿಸಿದರು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅವುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಅವಳಿಗೆ ಒಂದೇ ಯೋಚನೆ. ಇಷ್ಟು ಜನರ ಮುಂದೆ ಆ ಮಗು ತನ್ನನ್ನು ನೋಡಿ ಚೀರಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಜೂನ್ ಇಲ್ಲ, ಶಾಲೆ ಇಲ್ಲ, ಈ ಬೀದಿಯೂ ಇಲ್ಲ, ಗೋಡೆಗೆ ಮುಖ ಮಾಡಿದವಳು ತಿರುಗುವುದೇ ಇಲ್ಲ. ಅಂಜಿಸಲೆಂದೇ ತನ್ನನ್ನು ಕರೆದಿದ್ದಾರೆ. ಹಾಗಿದ್ದೂ ಕಾಲು ನಡೆಯುತ್ತಿತ್ತು, ಒಳಗೆ ಮಗುವಿನ ತಲೆಯಿಂದ ರಕ್ತ ಬರುತ್ತಿದೆ ಎಂದು ಅದಕ್ಕೆ ಯಾರೋ ಹೇಳಿದಂತೆ.

ಒಳಗೆ ಬಂದಾಗ ಎಲ್ಲವೂ ನೀರಿನೊಳಗಿನಿಂದ ನೋಡಿದಂತೆ ಮೆಲ್ಲಗೆ ನಡೆಯಿತು. ಹೆಂಗಸರ ತಲೆಗಳು ಒಂದೊಂದಾಗಿ ತಿರುಗಿದವು. ಒಬ್ಬಳು ತನ್ನ ಕೂಸಿನ ಮುಖವನ್ನು ಸೆರಗಿನೊಳಗೆ ಒತ್ತಿಕೊಂಡಳು. ಕಂಬಕ್ಕೆ ಒರಗಿದ್ದ ಮುದುಕನೊಬ್ಬ, ಅವಳನ್ನು ಈ ಮೊದಲು ಕಂಡವನೂ ಅಲ್ಲ, ಅವಳ ಕಥೆ ಕೇಳಿದವನೂ ಅಲ್ಲ, “ಇದೇನಿದು, ಶಿವಪೂಜಿಯಾಗ ಕರಡಿ ಬಿಟ್ಟಂಗ…” ಎಂದ. ಬರೀ ಬಾಯಿಚಟ. ಅತ್ತೆ ಅನ್ನದಾನಮ್ಮ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. ಮಾವ ಪಂಚಾಕ್ಷರಪ್ಪ ಎದ್ದು ನಿಂತ, ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದ. ಇಷ್ಟು ದಿನ ಯಾರೂ ಆಡದೆ ಮನೆಯೆಲ್ಲ ತುಂಬಿಕೊಂಡಿದ್ದ ಮಾತು ಹೊರಗೆ ಬಿದ್ದಿತ್ತು. ಬಿದ್ದ ಮೇಲೆ ನೋಡಿದರೆ ಅದು ಬರೀ ಒಂದು ಮಾತಾಗಿತ್ತು. ಅಮೃತಾಗೆ ಆಶ್ಚರ್ಯವಾಯಿತು, ಅವಳು ದಾಟಿ ಮುಂದೆ ಹೋದಳು.

ಗುರು ತನ್ನ ಸೋದರಮಾವನ ತೊಡೆಯ ಮೇಲೆ ಮೀನಿನಂತೆ ಒದ್ದಾಡುತ್ತಿದ್ದ. ತಲೆಯ ಒಂದು ಮಗ್ಗುಲು ನುಣ್ಣಗೆ, ಇನ್ನೊಂದರಲ್ಲಿ ಗುಂಗುರು ಕೂದಲು, ಕಿವಿಯ ಮೇಲೆ ಸಣ್ಣ ಕೆಂಪು ಗೆರೆ. ಎಡಕ್ಕೊಂದು ಬಲಕ್ಕೊಂದು ಆದ ಆ ತಲೆಯನ್ನು ನೋಡಿ ಅವಳಿಗೆ ಕರುಳು ಚುರ್ರೆಂದಿತು. ಹುಲುಗಣ್ಣ ಕತ್ತಿಯನ್ನು ಎತ್ತರಕ್ಕೆ ಹಿಡಿದು ಬೆವರುತ್ತಿದ್ದ. ಅವಳು ಎದುರಿಗೆ ಮಂಡಿಯೂರಿ ಕೂತಳು. ಮಗುವಿನ ನೀರು ತುಂಬಿದ ಕಣ್ಣು ಅವಳನ್ನು ಹುಡುಕಿ ಹಿಡಿಯಿತು: ಬಲಗಣ್ಣು, ಎಡಗಣ್ಣು, ಕೆನ್ನೆಯ ಗೆರೆ, ತುಟಿಯ ತುದಿ. ಅಳು ನಿಂತಿತು. ಇನ್ನು ಚೀರುತ್ತದೆ ಎಂದುಕೊಂಡಳು ಅವಳು.

“ಗುಮ್ಮಕ್ಕಾ,” ಎಂದ ಗುರು. ಎಂದು, ಬಾಯಿ ತೆರೆದ.

ಚೀರಲಿಕ್ಕಲ್ಲ. ಬಾಯಿ ಅಗಲವಾಗಿ ತೆರೆದು, ಗುಬ್ಬಿಮರಿಯಂತೆ ಕತ್ತು ಮೇಲೆತ್ತಿ ಕಾಯುತ್ತ ಕೂತ. ತಿಂಗಳುಗಳಿಂದ ಈ ಮುಖ ಕಂಡಾಗಲೆಲ್ಲ ಅವನಿಗೆ ತುತ್ತು ಸಿಕ್ಕಿದೆ. ಅಂಜಿಕೆ ಯಾವ ದಿನ ಕರಗಿತೋ, ಉಣ್ಣುವುದು ಮಾತ್ರ ಉಳಿದಿದೆ. ತಾಯಿ ಗುಮ್ಮ ಎಂದು ಕಲಿಸಿದ್ದಕ್ಕೆ ಅಕ್ಕ ಎಂದು ಸೇರಿಸಿಕೊಂಡದ್ದು ಅವನೇ. ಸುತ್ತ ಕೂತವರಿಗೆ ಏನೂ ತಿಳಿಯಲಿಲ್ಲ. ಯಾರೋ ಕಿಸಕ್ಕೆಂದು ನಕ್ಕರು. ಮೊದಲು ಅರ್ಥವಾದದ್ದು ಹುಲುಗಣ್ಣನಿಗೆ. “ತಾಯಿ, ಏನಾರ ಹಾಕು ಬಾಯಾಗ, ನಾ ಕೆಲಸ ಮುಗಸ್ತೀನಿ,” ಎಂದ ಪಿಸುಮಾತಿನಲ್ಲಿ. ಹತ್ತಿರದಲ್ಲೇ ನೈವೇದ್ಯಕ್ಕೆ ಬಡಿಸಿಟ್ಟ ಹುಗ್ಗಿಯ ತಟ್ಟೆಯಿತ್ತು. ಅಮೃತಾ ಕೈ ಚಾಚಿದಳು.

“ಕೈ ತೊಳಕಂಡಿಯೇನವ್ವ?” ಎಂದಳು ನೀಲಗಂಗಮ್ಮ. ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಅಮೃತಾ ಅವಳನ್ನು ನೋಡಿದಳು. ಸಿಟ್ಟು ಬರಬೇಕಿತ್ತು. ಬಂತು ಕೂಡ, ಬಿಸಿಯಾಗಿ. ಆದರೆ ಬಂಡೆಯ ಮಗ್ಗುಲಲ್ಲಿ ಎದ್ದು ನಿಂತದ್ದರ ಕಣ್ಣಿನಲ್ಲಿದ್ದ ಅದೇ ಗಾಬರಿ ಈ ತಾಯಿಯ ಕಣ್ಣಿನಲ್ಲಿಯೂ ಇತ್ತು. “ನೀರು ಹಾಕ್ರಿ,” ಎಂದು ಅವಳು ಕೈ ಮುಂದೆ ಹಿಡಿದಳು. ರೇಷ್ಮೆ ಸೀರೆಯವಳು ತಂಬಿಗೆ ಬಗ್ಗಿಸಿ ಎಲ್ಲರೆದುರು ಅವಳ ಕೈಗೆ ನೀರು ಹಾಕಿದಳು. ಅಮೃತಾ ಅವಸರ ಮಾಡದೆ ತೊಳೆದುಕೊಂಡಳು. ಗುರು ತೆರೆದ ಬಾಯಿ ತೆರೆದಂತೆಯೇ ಕಾದ.

ಇಷ್ಟು ದಿನ ಅವಳು ಮುಖ ತೋರಿಸಿದ್ದಳು, ಒಂದು ತುತ್ತೂ ಇಟ್ಟಿರಲಿಲ್ಲ. ಹುಗ್ಗಿ ಬೆಚ್ಚಗಿತ್ತು, ತುಪ್ಪಕ್ಕೆ ಬೆರಳು ಜಾರುತ್ತಿತ್ತು. ಮೊದಲ ತುತ್ತು ಇಟ್ಟಳು. ಮಗುವಿನ ಪುಟ್ಟ ಹಲ್ಲುಗಳು ಬೆರಳಿಗೆ ತಾಗಿದವು. ಹಲ್ಲು ತಾಗಿದ್ದಕ್ಕೆ ಅವಳ ಮೈ ಒಮ್ಮೆ ಜುಮ್ಮೆಂದಿತು, ಬೆರಳು ಹಿಂದೆಗೆಯಲಿಲ್ಲ. ಎರಡನೆಯ ತುತ್ತು ಇಟ್ಟಳು. ಮಗುವಿನ ತಲೆಯ ಹಿಂದೆ ಕತ್ತಿ ಸರಸರ ಸರಿಯುತ್ತಿತ್ತು, ಗುಂಗುರು ಕೂದಲು ಅವನ ಸೋದರತ್ತೆ ಹಿಡಿದ ತಟ್ಟೆಗೆ ಉದುರುತ್ತಿತ್ತು. ಗುರು ಅವಳ ಕೆನ್ನೆಯ ಗೆರೆಯನ್ನೇ ನೋಡುತ್ತ ಉಂಡ. ಇನ್ನೊಂದು, ಇನ್ನೊಂದು. ಪಡಸಾಲೆಯಲ್ಲಿ ಮಾತು ಮತ್ತೆ ಶುರುವಾಗಿತ್ತು, ಅದು ಅವಳಿಗೆ ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. “ಆತು ನೋಡ್ರಿ,” ಎಂದು ಹುಲುಗಣ್ಣ ಕತ್ತಿ ಒರೆಸಿದ.

ಆಗ ಅವಳಿಗೆ ಗಾಳಿ ತಾಗಿತು. ಬಾಯಿಯೊಳಗೆ, ಹಲ್ಲಿಗೆ, ತುಟಿಯ ಆ ಎಡತುದಿಗೆ. ಹೊಲಿಗೆಗಳೆಲ್ಲ ಎಳೆದುಕೊಂಡಿದ್ದವು, ಮುಖ ಪೂರಾ ಒಂದು ಪಕ್ಕಕ್ಕೆ ವಾಲಿತ್ತು. ಮಗುವಿನ ಬಾಯಿಯ ಜೊತೆಗೆ, ಮೊದಲ ತುತ್ತಿನಿಂದಲೋ ಏನೋ, ಅವಳ ಬಾಯಿಯೂ ತೆರೆದಿತ್ತು. ಎಲ್ಲರೂ ನೋಡುತ್ತಿದ್ದರು. ತಟ್ಟೆಯಲ್ಲಿ ಇನ್ನೂ ಸ್ವಲ್ಪ ಹುಗ್ಗಿ ಉಳಿದಿತ್ತು. ಗುರು ಮತ್ತೆ “ಆ” ಎಂದ.

“ಆ,” ಎಂದಳು ಅಮೃತಾ, ಇನ್ನಷ್ಟು ಅಗಲವಾಗಿ.